ಅಳೆದು ಕೊಟ್ಟ ಧಾನ್ಯ

12 ವರ್ಷದ ಬಾಲಿಕೆಯೊಬ್ಬಳ ಹೆಸರನ್ನು ಬರೆದ 4 ಚೀಟಿಗಳು ಸರಕಾರದ ಗಾಜಿನ ಬೋಗುಣಿಯೊಳಗೆ ಬೀಳುತ್ತವೆ. ಅವುಗಳಲ್ಲಿ ಒಂದು ಕಾಯಿದೆಯ ಪ್ರಕಾರ ಬೀಳಲೇಬೇಕಾದುದು. ಉಳಿದ 3 ಚೀಟಿಗಳನ್ನು ಆಕೆ ತಾನಾಗಿಯೇ ಹಾಕಿಸಿಕೊಂಡಿದ್ದಾಳೆ, ಏಕೆಂದರೆ ಹಾಗೆ ಹಾಕಿಸಿಕೊಂಡ ಒಂದೊಂದು ಚೀಟಿಗೂ ಪ್ರತಿಯಾಗಿ ಮನೆಯ ಒಂದು ಹೊಟ್ಟೆಗೆ ಒಂದು ವರ್ಷದ ಮಟ್ಟಿಗೆ ಅಷ್ಟಿಷ್ಟು ಧಾನ್ಯವೂ ಎಣ್ಣೆಯೂ ದೊರೆಯುತ್ತದೆ, ಮತ್ತು ಆಕೆಯ ಮನೆಯಲ್ಲಿ ತಾನು, ತಾಯಿ, ತಂಗಿ ಎಂದು ಮೂವರಿದ್ದಾರೆ. ಚೀಟಿಗಳು ವರ್ಷವರ್ಷಕ್ಕೂ ಕೂಡುತ್ತ ಹೋಗುವುದರಿಂದ 16ನೆಯ ವಯಸ್ಸಿನಲ್ಲಿ ಅವು 20 ಆಗಿರುತ್ತವೆ. ಆ ಬೋಗುಣಿಯಿಂದ ಯಾರ ಹೆಸರು ಮೇಲೆದ್ದು ಬರುವುದೋ ಅವರು, ರಾಜಧಾನಿಯ ಜನರ ವಿನೋದಾರ್ಥವಾಗಿ ರಚಿಸಿದ ಕಣದೊಳಗೆ ಇಳಿದು, ತಮ್ಮಂತೆಯೇ ಆರಿಸಲ್ಪಟ್ಟು ಬಂದ ಇನ್ನು 23 ಮಕ್ಕಳ ಮರಣದ ನಂತರ ಉಳಿಯಬೇಕು, ಇಲ್ಲವೆ ತಾವೇ ಅಳಿಯಬೇಕು.

ಅಮೆರಿಕದ ಲೇಖಕಿ ಸುಜ್ಯಾನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ 'ದಿ ಹಂಗರ್ ಗೇಮ್ಸ್' ಎಂಬ ಕಾದಂಬರಿಯ ಕಥಾಬೀಜ ಇದು. ಮುಂದಿನ ಎರಡು ವರ್ಷಗಳಲ್ಲಿ ಇನ್ನೆರಡು ಸಂಪುಟಗಳು ಬಂದು ಕಥೆ ಪೂರ್ತಿಯಾಯಿತು. 2012ರಲ್ಲಿ ಚಲನಚಿತ್ರವೂ ಬಂದಿತು. ಪ್ಯಾನೆಮ್ ಎಂಬ ಕಲ್ಪಿತ ರಾಷ್ಟ್ರ, ಅದರ ನಡುವೆ ಐಶ್ವರ್ಯದಿಂದ ಮೆರೆಯುವ ಕ್ಯಾಪಿಟಲ್, ಅದಕ್ಕೆ ಕಲ್ಲಿದ್ದಲು, ಧಾನ್ಯ, ಬಟ್ಟೆಗಳನ್ನು ಒದಗಿಸಿ ತಾವು ಬರಿಗೈಯಾಗಿ ಬಾಳುವ 12 ಪ್ರಾಂತಗಳು, ಹಿಂದೊಮ್ಮೆ ದಂಗೆಯೆದ್ದುದರ ದಂಡವಾಗಿ ವರ್ಷಕ್ಕೊಮ್ಮೆ ಪ್ರಾಂತವೊಂದಕ್ಕೆ ಇಬ್ಬರಂತೆ ತೆರಬೇಕಾದ ಮಕ್ಕಳು, ಇವೆಲ್ಲವನ್ನೂ ಹೊಸೂರು, ಕೃಷ್ಣಗಿರಿ, ತಳಿ, ಡೆಂಕಣಿಕೋಟೆಗಳ ಕಡೆಯ ನಮ್ಮ ತರುಣ ವಾಚಕರು ದೂರದೇಶದ ದೂರಕಾಲದ ಕಲ್ಪನೆಯೆಂದು ಓದಿ ಬದಿಗಿಡುವುದುಂಟು. ಅವರು ನಿಂತಿರುವ ನೆಲದಲ್ಲಿಯೇ ಈ ಕಥೆಯ ಬಹುಭಾಗ ಒಮ್ಮೆ ನಡೆದುಹೋಗಿದೆ ಎಂಬುದನ್ನು ಅವರಿಗೆ ತಿಳಿಸಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಹಳಬರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆಯುವ 1876-78ರ ಮಹಾಕ್ಷಾಮದ ಕಾಲದಲ್ಲಿ ಹೊಸೂರು, ಕೃಷ್ಣಗಿರಿಗಳೆರಡೂ ಮದ್ರಾಸ್ ಆಧಿಪತ್ಯದ ಸೇಲಂ ಜಿಲ್ಲೆಗೆ ಸೇರಿದ್ದುವು. ಘಟ್ಟದ ಮೇಲಣ ಹೊಸೂರಿನ ಸೀಮೆಗೆ ಬಾಲಾಘಾಟವೆಂದೂ ಕೆಳಗಣ ಕೃಷ್ಣಗಿರಿಯ ಸೀಮೆಗೆ ಬಾರಾಮಹಲೆಂದೂ ಹೆಸರು. ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟು, ಕೆರೆಗಳು ಬತ್ತಿ, ರಾಗಿಯ ಹೊಲಗಳು ಬೂದಿಯ ಬಣ್ಣಕ್ಕೆ ತಿರುಗಿದುವು. ಬರಗಾಲಕ್ಕೆಂದೇ ನೆಲದಲ್ಲಿ ತೋಡಿ ರಾಗಿಯನ್ನು ತುಂಬಿಡುತ್ತಿದ್ದ ಹಗೇವುಗಳು ಎಷ್ಟೋ ವರ್ಷಗಳವರೆಗೆ ಧಾನ್ಯವನ್ನು ಕೆಡದಂತೆ ಕಾಪಾಡಬಲ್ಲುವು; ಆದರೆ ತೆಗೆಯುವುದೇ ಆಗಿ ತುಂಬುವುದು ನಿಂತ ಮೇಲೆ ಹಗೇವು ಏನು ಮಾಡೀತು? ಹುಣಸೆಯ ಬೀಜ, ಗೆಡ್ಡೆಗೆಣಸು, ಸೊಪ್ಪುಸದೆಗಳೇ ಆಹಾರವಾದುವು. 1871ರ ಜನಗಣತಿಯಲ್ಲಿ ಸುಮಾರು 19 ಲಕ್ಷ 67 ಸಾವಿರವಿದ್ದ ಸೇಲಂ ಜಿಲ್ಲೆಯ ಜನಸಂಖ್ಯೆ 1881ರ ವೇಳೆಗೆ ಸುಮಾರು 16 ಲಕ್ಷಕ್ಕೆ ಇಳಿಯಿತು. ಗಡಿಯಾಚೆಯ ಮೈಸೂರು ಸೀಮೆಯಲ್ಲಿ 50 ಲಕ್ಷವನ್ನು ಮೀರಿದ್ದ ಜನ 42 ಲಕ್ಷಕ್ಕೂ ಕಡಮೆಯಾದರು.

ಮಳೆ ಹೋದುದು ದೈವದ ಕೃತ್ಯವಾದರೆ, ಮುಂದೆ ನಡೆದುದು ಮನುಷ್ಯರ ಕೃತ್ಯ. 1877ರ ಮೊದಲ ದಿನ, ದಕ್ಷಿಣದಲ್ಲಿ ಜನ ದಾರಿದಾರಿಯಲ್ಲಿ ಬಿದ್ದು ಸಾಯುತ್ತಿದ್ದಾಗ, ವೈಸ್‌ರಾಯ್ ಲಿಟನ್ ಸಾಹೇಬರು ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ಥಾನದ ಚಕ್ರವರ್ತಿನಿಯೆಂದು ಘೋಷಿಸುವುದಕ್ಕಾಗಿ ದೆಹಲಿಯಲ್ಲಿ ಮಹಾದರ್ಬಾರನ್ನು ನೆರೆಸಿ, ರಾಜಮಹಾರಾಜರೂ ಅಧಿಕಾರಿಗಳೂ ಸೇರಿ ಹತ್ತಾರು ಸಾವಿರ ಮಂದಿಗೆ ಔತಣವನ್ನು ಉಣಬಡಿಸುತ್ತಿದ್ದರು. ಕಾಲಿನ್ಸ್ ಬರೆದ ಎರಡನೆಯ ಸಂಪುಟದಲ್ಲಿ ಕ್ಯಾಪಿಟಲಿನ ಅತಿಥಿಗಳು ಉಂಡುದನ್ನು ವಾಂತಿಮಾಡಿಸುವ ಪಾನೀಯವನ್ನು ಕುಡಿದು ಮತ್ತೆ ಉಣ್ಣಲು ಕೂಡುವ ಪ್ರಸಂಗವೊಂದಿದೆ. ಅದನ್ನು ಅತಿಶಯೋಕ್ತಿಯೆಂದು ಹಳಿಯುವವರು ಆ ಜನವರಿಯ ಮದ್ರಾಸನ್ನೂ ದೆಹಲಿಯನ್ನೂ ಒಟ್ಟಿಗೆ ನೆನೆಯಬೇಕು. ಅದೇ ತಿಂಗಳಲ್ಲಿ, ಖರ್ಚನ್ನು ತಗ್ಗಿಸಬೇಕೆಂಬ ಆಜ್ಞೆಯೊಡನೆ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರದ ಕಾಮಗಾರಿಗಳಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯದ ಬೆಲೆಯೂ ಮೇಲೆ ಒಂದಾಣೆಯೂ ಸಾಕೆಂದು ವಿಧಿಸಿದರು. ಒಂದು ಪೌಂಡೆಂದರೆ ಈಗಿನ ಲೆಕ್ಕದಲ್ಲಿ 450 ಗ್ರಾಮಿನಷ್ಟು. ದಿನವೆಲ್ಲ ಕೆರೆಯ ಏರಿಗೆ ಮಣ್ಣು ಹೊತ್ತವನಿಗೆ ಸಿಕ್ಕುತ್ತಿದ್ದುದು ಅಷ್ಟು. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿ, ಇಷ್ಟರಲ್ಲಿ ದುಡಿಯುವ ದೇಹ ಉಳಿಯಲಾರದೆಂದು ವಾದಿಸಿದುದರ ಫಲವಾಗಿ ಕೆಲವು ತಿಂಗಳುಗಳ ಬಳಿಕ ಆ ಪ್ರಮಾಣ ಹೆಚ್ಚಿತಾದರೂ, ಆ ನಡುವೆ ಹೋದ ಪ್ರಾಣಗಳು ಹೋದುವು.

ಕಾದಂಬರಿಯ ಮರ್ಮವೂ ಇಲ್ಲಿಯೇ ಇದೆಯೆಂದು ನನ್ನ ಭಾವನೆ. ಪ್ಯಾನೆಮಿನಲ್ಲಿ ಧಾನ್ಯವಿಲ್ಲವೆಂದಲ್ಲ, ಧಾನ್ಯವನ್ನು ಅಳೆಯುವ ಕೈ ಒಂದೇ ಇದೆ, ಮತ್ತು ಆ ಕೈ ಜನರನ್ನು ಸಾಯದಂತೆಯೂ ತಲೆಯೆತ್ತದಂತೆಯೂ ಇಡುವಷ್ಟನ್ನು ಮಾತ್ರ ಅಳೆದು ಕೊಡುತ್ತದೆ. ಧಾನ್ಯಕ್ಕಾಗಿ ಹೆಸರು ಮಾರಿಕೊಳ್ಳಬೇಕಾದ ಗಣಿಗಾರರ ಮಕ್ಕಳಿಗೂ ಹಾಗೆ ಮಾಡಬೇಕಾಗಿಲ್ಲದ ಅಂಗಡಿಕಾರರ ಮಕ್ಕಳಿಗೂ ನಡುವೆ ಇದರಿಂದ ವೈಮನಸ್ಯ ಬೆಳೆಯುವುದೆಂದೂ ಅದು ಆಳುವವರಿಗೆ ಅನುಕೂಲವೆಂದೂ ಗೇಲ್ ಎಂಬ ತರುಣ ಕುದಿಯುತ್ತಾನೆ. ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ, ಈಶ್ವರ ಸಂವತ್ಸರ ಕಳೆದ ವರ್ಷವೇ, 1878ರ ಡಿಸೆಂಬರಿನಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಗಳಾದೊಡನೆ ಆಹಾರಧಾನ್ಯಗಳ ನಿಯಂತ್ರಣವನ್ನು ತೆಗೆದುಹಾಕಿದರೆಂಬುದನ್ನು ಈ ಸಂದರ್ಭದಲ್ಲಿ ಸ್ಮರಿಸದಿರಲಾರೆ. ಆ ಕ್ರಮದ ಗುಣದೋಷಗಳನ್ನು ಅರ್ಥಶಾಸ್ತ್ರಜ್ಞರು ವಿಚಾರಿಸಲಿ. ಸರಕಾರ ಹಿಡಿದಿದ್ದ ಅಳತೆಯನ್ನು ಕೆಳಗಿಡಿಸಿದವರು ಈ ಸೀಮೆಯ ಮಗುವೆಂಬುದು ನನಗೆ ಮುಖ್ಯ.

ಸರದಿಯ ಪ್ರಕಾರ ಮಕ್ಕಳನ್ನು ತೆರುವ ಕಥೆ ನಮಗೆ ಹೊಸದಲ್ಲ. ಗ್ರೀಕರ ಥೀಸಿಯಸನ ಪುರಾಣದಿಂದ ತಮಗೆ ಸ್ಫೂರ್ತಿ ದೊರೆಯಿತೆಂದು ಕಾಲಿನ್ಸ್ ಹೇಳಿದ್ದಾರೆ. ನಮ್ಮ ಮಹಾಭಾರತದಲ್ಲಿ ಏಕಚಕ್ರಪುರದವರು ಮನೆಗೊಬ್ಬರಂತೆ ಬಂಡಿಯ ಅನ್ನದೊಡನೆ ಬಕಾಸುರನಿಗೆ ತೆರಲಿಲ್ಲವೆ? ಆದರೆ ನನ್ನ ಮನಸ್ಸು ಹೆಚ್ಚಾಗಿ ಎಳೆಯುವುದು 'ಕೆರೆಗೆ ಹಾರ'ವೆಂಬ ಜನಪದ ಕಥನಗೀತೆಯ ಕಡೆಗೆ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಬಲಿ ಬೇಕೆಂದು ಶಾಸ್ತ್ರ ಹೇಳಿತು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನಕ್ಕೆ ಕುಂದೆಂದು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಭಾಗೀರಥಿಗೂ ಗೊತ್ತು, ಅವಳೂ ಬೇಡವೆನ್ನುವುದಿಲ್ಲ. ಮೊದಲಲ್ಲಿ ಹೇಳಿದ ಚೀಟಿಗಳ ಬಾಲಿಕೆ, ಕ್ಯಾಟ್ನಿಸ್ ಎವರ್‌ಡೀನ್ ಎಂಬ ನಮ್ಮ ಕಾದಂಬರಿಯ ನಾಯಿಕೆ, ತಂಗಿ ಪ್ರಿಮ್‌ಳ ಹೆಸರು ಬಂದಾಗ ಆಕೆಗೆ ಬದಲಾಗಿ ತಾನು ಮುಂದೆ ಬರುತ್ತಾಳೆ. ಇಷ್ಟರವರೆಗೆ ಆಕೆ ಭಾಗೀರಥಿಯ ಅಕ್ಕನೇ ಸರಿ. ಕಣದಲ್ಲಿ ರೂ ಎಂಬ ಪುಟ್ಟ ಹುಡುಗಿ ಸತ್ತಾಗ, ಶತ್ರುವೆಂದು ಎಣಿಸಬೇಕಾಗಿದ್ದ ಆ ಮಗುವಿನ ದೇಹವನ್ನು ಕ್ಯಾಟ್ನಿಸ್ ಕಾಡುಹೂಗಳಿಂದ ಅಲಂಕರಿಸುತ್ತಾಳೆ, ಮತ್ತು ಆ ದೃಶ್ಯವನ್ನು ರಾಷ್ಟ್ರವೆಲ್ಲ ನೋಡುತ್ತದೆ. ರೂಳ ಪ್ರಾಂತದ ಬಡಜನ ಕೂಡಿ ಆಕೆಗೆ ರೊಟ್ಟಿಯೊಂದನ್ನು ಕಳಿಸಿಕೊಡುತ್ತಾರೆ. ಭಾಗೀರಥಿಗಾಗಿ ಅತ್ತವನು, ಕೊನೆಗೆ ಕೆರೆಗೆ ಹಾರಿದವನು, ದಂಡಿನಿಂದ ತಿರುಗಿ ಬಂದ ಗಂಡನೊಬ್ಬನೇ.

ಬದುಕುಳಿಯುವ ವಿದ್ಯೆಯನ್ನು ಕಾಲಿನ್ಸ್ ಬಿಲ್ಲುಬಾಣಗಳಿಗಿಂತ ಹೆಚ್ಚಾಗಿ ಸೊಪ್ಪುಗೆಡ್ಡೆಗಳಲ್ಲಿ ಕಂಡಿದ್ದಾರೆ. ನಾಯಿಕೆಯ ಹೆಸರೇ ನೀರಿನಲ್ಲಿ ಬೆಳೆಯುವ ತಿನ್ನಬಲ್ಲ ಗೆಡ್ಡೆಯೊಂದರದು. ಗಣಿಯ ಸ್ಫೋಟದಲ್ಲಿ ತಂದೆ ಸತ್ತು ತಾಯಿ ದುಃಖದಲ್ಲಿ ಮಂಕಾದಾಗ, ಆ ಹುಡುಗಿ ಬೇಲಿಯನ್ನು ನುಸುಳಿ ನಿಷಿದ್ಧವಾದ ಕಾಡಿಗೆ ಹೋಗಿ ಮನೆಯನ್ನು ಸಲಹುತ್ತಾಳೆ. ನಮ್ಮ ಕಡೆ ಮಳೆ ಬಿದ್ದ ಹೊಲದ ಬದುವಿನಲ್ಲಿ ಹೆಂಗಸರು ಬಾಗಿ ಅಣ್ಣೆ, ಹೊನಗೊನ್ನೆ, ಗೋಣಿ, ದಂಟುಗಳನ್ನು ಚಿವುಟಿ ಮಡಿಲಿಗೆ ತುಂಬಿಕೊಂಡು, ಬೆರಕೆ ಸೊಪ್ಪೆಂದು ಬೇಯಿಸಿ ಮಸೆದು ಮುದ್ದೆಗೆ ಬಡಿಸುವರಲ್ಲ, ಯಾವುದು ಹೊಟ್ಟೆಗೆ ಹಿತ, ಯಾವುದು ವಿಷ ಎಂಬ ಆ ವಿವೇಕ ಪಠ್ಯಪುಸ್ತಕದಿಂದ ಬಂದುದಲ್ಲ. ಕ್ಷಾಮ ಮುಗಿದು ನಾಲ್ಕೇ ವರ್ಷಗಳ ಬಳಿಕ, 1882ರಲ್ಲಿ ಮದ್ರಾಸಿನ ಅರಣ್ಯ ಕಾಯಿದೆ ಬಂದು, ಜನ ಗೆಡ್ಡೆ, ಸೊಪ್ಪು, ಸೌದೆಗಳಿಗಾಗಿ ನಂಬಿದ್ದ ಕಾಡುಗಳನ್ನು ಮೀಸಲಿನೊಳಗೆ ಸೇರಿಸುವ ದಾರಿ ತೆರೆಯಿತು. ಕಾಡನ್ನು ಕಾಯುವುದು ಅಗತ್ಯವೆಂಬುದನ್ನು ಅಲ್ಲಗಳೆಯಲಾರೆ. ಆದರೆ ಬೇಲಿಯ ಯಾವ ಬದಿಯಲ್ಲಿ ಹಸಿವು ನಿಂತಿದೆಯೆಂಬುದನ್ನು ಆಗ ಯಾರೂ ನೋಡಲಿಲ್ಲ.

ರಾಜಧಾನಿಗೂ ಪ್ರಾಂತಗಳಿಗೂ ಇರುವ ಈ ಸಂಬಂಧವನ್ನು ಕಾಣಲು ಇಂದಿಗೂ ಹೊಸೂರಿನವರು ದೂರ ಹೋಗಬೇಕಾಗಿಲ್ಲ. ನಂದಿಬೆಟ್ಟದ ಕಡೆಯಿಂದ ಹುಟ್ಟಿಬರುವ ದಕ್ಷಿಣ ಪಿನಾಕಿನಿಯು ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತುಕೊಂಡು ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ಇಳಿಯುವಾಗ ಬಿಳಿಯ ನೊರೆ ಎದ್ದು, ಕೆಳಗಣ ಹೊಲಗಳ ಕಡೆಗೆ ಹಾರುವುದನ್ನು ನೋಡಿದವರು ಅನೇಕರು. ಮಹಾನಗರಕ್ಕೆ ತರಕಾರಿಯೂ ಹೂವೂ ಇಲ್ಲಿಂದ ಹೋಗುತ್ತವೆ. ಅಲ್ಲಿಂದ ಇಲ್ಲಿಗೆ ಬರುವುದು ಆ ನೀರು.

ಇಷ್ಟೆಲ್ಲ ಹೇಳಿದ ಮೇಲೆ, ಈ ಕಥೆಯನ್ನು ದುಷ್ಟ ರಾಜಧಾನಿಗೂ ಸಾಧು ಪ್ರಾಂತಗಳಿಗೂ ನಡೆದ ಹೋರಾಟವೆಂದು ತಿಳಿಯುವ ಅಪಾಯವುಂಟು. ಮೂರನೆಯ ಸಂಪುಟದಲ್ಲಿ ಕ್ಯಾಪಿಟಲ್ ಸೋತು ದಂಗೆಕೋರರು ಗೆದ್ದಾಗ, ಅವರ ನಾಯಕಿ ಕಾಯ್ನ್, ಇನ್ನು ಒಂದೇ ಒಂದು ಬಾರಿ, ಈ ಸಲ ಕ್ಯಾಪಿಟಲಿನ ಮಕ್ಕಳನ್ನು ಕಣಕ್ಕಿಳಿಸಿ ಅದೇ ಆಟವನ್ನು ಆಡಿಸೋಣವೆಂದು ಸೂಚಿಸುತ್ತಾಳೆ. ಪದಚ್ಯುತನಾದ ಅಧ್ಯಕ್ಷ ಸ್ನೋನನ್ನು ಕೊಲ್ಲುವುದಕ್ಕೆಂದು ಕ್ಯಾಟ್ನಿಸಳ ಕೈಗೆ ಬಿಲ್ಲನ್ನು ಕೊಡುತ್ತಾರೆ. ಆಕೆಯ ಬಾಣ ಹೊರಳಿ ಕಾಯ್ನಳಿಗೆ ನಾಟುತ್ತದೆ. ಗೆಲುವಿನ ಸಂಭ್ರಮವಿಲ್ಲದ ಈ ಮುಕ್ತಾಯವನ್ನು ನೀರಸವೆಂದು ಹೇಳುವವರನ್ನು ಕಂಡಿದ್ದೇನೆ. ಅದನ್ನು ನಾನು ಒಪ್ಪಲಾರೆ. ಧಾತು-ಈಶ್ವರಗಳಲ್ಲಿ ಅಳತೆಯನ್ನು ಹಿಡಿದವರು ದೊರೆಗಳಾಗಿದ್ದರೂ, ಬೆಲೆ ಏರಲೆಂದು ಧಾನ್ಯವನ್ನು ಬಚ್ಚಿಟ್ಟವರು ನಮ್ಮ ಪೇಟೆಗಳ ವರ್ತಕರೇ. ಅಳತೆ ಹಸ್ತಾಂತರವಾದ ಮಾತ್ರಕ್ಕೆ ಅಳೆಯುವ ರೀತಿ ಬದಲಾಗುವುದಿಲ್ಲವೆಂಬುದನ್ನು ಹದಿನೈದು ಹದಿನಾರರ ಓದುಗನಿಗೆ ಮರೆಮಾಡದೆ ತೋರಿಸುವ ಧೈರ್ಯ ಆ ಲೇಖಕಿಗೆ ಇತ್ತು, ಮತ್ತು ಅದೇ ಬಗೆಯ ಅನೇಕ ಕಥೆಗಳ ನಡುವೆ ಈ ಕಥೆಯನ್ನು ನಾನು ಮೇಲೆ ಇಡುವುದು ಆ ಧೈರ್ಯಕ್ಕಾಗಿಯೇ.