ವಿದ್ಯುತ್ ಉಳಿಯಲಿ, ಶ್ರುತಿ ತಪ್ಪದಿರಲಿ: ಡಿಜಿಟಲ್ ಫೇಸ್ ಲಾಕ್ಡ್ ಲೂಪ್‌ನ ಲೆಕ್ಕಾಚಾರ

ಮಧುಮೇಹಿಗಳ ತೋಳಿಗೆ ಅಂಟಿಸುವ ಗ್ಲೂಕೋಸ್ ಸಂವೇದಕ, ಕಿವಿಯಲ್ಲಿ ಅಡಗುವ ಶ್ರವಣ ಸಾಧನ, ಮಣಿಕಟ್ಟಿನ ಗಡಿಯಾರ ಇವೆಲ್ಲ ಇಂದು ಬ್ಲೂಟೂತ್ ಮೂಲಕ ಮೊಬೈಲಿನೊಡನೆ ಸಂಪರ್ಕದಲ್ಲಿರುತ್ತವೆ. ಇಂತಹ ಸಾಧನಗಳ ಬಾಳಿಕೆ ಒಳಗಿನ ಪುಟ್ಟ ಬ್ಯಾಟರಿಯನ್ನು ಅವಲಂಬಿಸಿದೆ. ಬಿಲ್ಲೆಯಾಕಾರದ ಸಿಆರ್ 2032 ಬ್ಯಾಟರಿಯ ಸಾಮರ್ಥ್ಯ ಸುಮಾರು 225 ಮಿಲಿ ಆಂಪಿಯರ್ ಗಂಟೆ. ರೇಡಿಯೋ ಭಾಗವು ಎಡೆಬಿಡದೆ 5 ಮಿಲಿ ಆಂಪಿಯರ್ ಹೀರಿದರೆ ಅದು 45 ಗಂಟೆಗಳಲ್ಲಿ ಬರಿದಾಗುತ್ತದೆ. ಸರಾಸರಿ ಬಳಕೆ 25 ಮೈಕ್ರೋ ಆಂಪಿಯರ್‌ಗೆ ಇಳಿದರೆ ವರ್ಷದವರೆಗೆ ಬಾಳುತ್ತದೆ.

ರೇಡಿಯೋ ಎಚ್ಚರವಾಗಿರುವಷ್ಟು ಹೊತ್ತೂ ದುಡಿಯಲೇಬೇಕಾದ ಘಟಕ ಫೇಸ್ ಲಾಕ್ಡ್ ಲೂಪ್. ಆದ್ದರಿಂದ ಮಿತವ್ಯಯದ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಆದರೆ ಇಲ್ಲಿ ಅವಸರದ ಉಳಿತಾಯ ಸಂಪರ್ಕವನ್ನೇ ಕೆಡಿಸಬಲ್ಲದು.

ಶ್ರುತಿ ಹಿಡಿಯುವ ಕೆಲಸ

ಕ್ವಾರ್ಟ್ಜ್ ಹರಳು ನಿಖರವಾಗಿ ಕಂಪಿಸುತ್ತದೆ, ಆದರೆ ಅದರ ವೇಗ ಕಡಿಮೆ. ಉದಾಹರಣೆಗೆ ಸೆಕೆಂಡಿಗೆ 2.6 ಕೋಟಿ ಬಾರಿ, ಅಂದರೆ 26 ಮೆಗಾಹರ್ಟ್ಸ್. ಬ್ಲೂಟೂತ್‌ಗೆ ಬೇಕಾದುದು 2,400 ಮೆಗಾಹರ್ಟ್ಸ್ ಆಸುಪಾಸಿನ ಕಂಪನಾಂಕ. ಚಿಪ್ಪಿನೊಳಗಿನ ಆಂದೋಲಕವು ಅಷ್ಟು ವೇಗವನ್ನು ಕೊಡಬಲ್ಲದಾದರೂ ಶಾಖ ಹಾಗೂ ವೋಲ್ಟೇಜಿನ ಏರಿಳಿತಕ್ಕೆ ದಾರಿ ತಪ್ಪುತ್ತದೆ. ಶ್ರುತಿ ಪೆಟ್ಟಿಗೆಯನ್ನು ಆಲಿಸುತ್ತ ತಂಬೂರಿಯ ತಂತಿಯನ್ನು ಬಿಗಿಗೊಳಿಸುವಂತೆ, ಫೇಸ್ ಲಾಕ್ಡ್ ಲೂಪ್ ಹರಳಿನೊಡನೆ ಆಂದೋಲಕವನ್ನು ಹೋಲಿಸಿ, ವ್ಯತ್ಯಾಸವನ್ನು ಅಳೆದು, ಮತ್ತೆ ಮತ್ತೆ ತಿದ್ದುತ್ತದೆ.

ಫ್ರಾನ್ಸಿನ ಎಂಜಿನಿಯರ್ ಆನ್ರಿ ದ ಬೆಲಿಸೀಝ್ 1932ರಲ್ಲಿ ಈ ತತ್ವವನ್ನು ರೇಡಿಯೋ ಗ್ರಹಣಕ್ಕಾಗಿ ವಿವರಿಸಿದ್ದರು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ರಾಬರ್ಟ್ ಬೊಗ್ದಾನ್ ಸ್ಟಾಶೆವ್‌ಸ್ಕಿ ಮತ್ತು ಸಂಗಡಿಗರು 2004ರಲ್ಲಿ ಬ್ಲೂಟೂತ್ ರೇಡಿಯೋಗಾಗಿ ಇದರ ಸಂಪೂರ್ಣ ಡಿಜಿಟಲ್ ರೂಪವನ್ನು ಪ್ರಕಟಿಸಿದರು. ಅಲ್ಲಿ ವ್ಯತ್ಯಾಸವು ವೋಲ್ಟೇಜ್ ಆಗಿರದೆ ಸಂಖ್ಯೆಯಾಗಿರುತ್ತದೆ. ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬಹುದು, ಬದಲಾಯಿಸಬಹುದು. ಉಳಿತಾಯದ ಹೊಸ ದಾರಿಗಳು ತೆರೆದುಕೊಂಡಿದ್ದು ಇದರಿಂದಲೇ.

ಎಲ್ಲಿ ಉಳಿಸಬಹುದು?

ಹೆಚ್ಚು ಅಪಾಯವಿಲ್ಲದ ಉಳಿತಾಯ ಸಮಯ ಅಳೆಯುವ ಘಟಕದಲ್ಲಿದೆ. ಆಂದೋಲಕದ ಸಂಕೇತವು ಇನ್ವರ್ಟರ್‌ಗಳ ಸರಪಳಿಯ ಮೂಲಕ ಹಾಯುತ್ತದೆ. ಹರಳಿನ ಸಂಕೇತ ಬಂದ ಕ್ಷಣದಲ್ಲಿ ಅದು ಎಷ್ಟು ದೂರ ಸಾಗಿದೆ ಎಂಬುದನ್ನು ಘಟಕವು ದಾಖಲಿಸುತ್ತದೆ. ಹರಳಿನ ಎರಡು ಸಂಕೇತಗಳ ನಡುವೆ ಆಂದೋಲಕ ಸುಮಾರು 92 ಬಾರಿ ಕಂಪಿಸುತ್ತದೆ. ಅಳತೆಗೆ ಬೇಕಾದುದು ಒಂದೆರಡು ಕಂಪನ ಮಾತ್ರ. ಉಳಿದ ವೇಳೆ ಸರಪಳಿಯ ಬಾಗಿಲು ಮುಚ್ಚಿದರೆ ಮಾಹಿತಿ ನಷ್ಟವಾಗದೆ ವಿದ್ಯುತ್ ಉಳಿಯುತ್ತದೆ. ಅಳತೆಗೆ ಮುನ್ನ ಸರಪಳಿ ನೆಲೆಗೊಳ್ಳುವಷ್ಟು ಬೇಗ ಬಾಗಿಲು ತೆರೆಯಬೇಕು ಎಂಬುದಷ್ಟೇ ನಿಯಮ.

ಎರಡನೆಯದು ವೋಲ್ಟೇಜ್. ಡಿಜಿಟಲ್ ಮಂಡಲಗಳು ಸ್ಥಿತಿ ಬದಲಿಸುವಾಗ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 1.2 ವೋಲ್ಟ್ ಅನ್ನು 0.9ಕ್ಕೆ ಇಳಿಸಿದರೆ ಶೇ. 44ರಷ್ಟು ಉಳಿತಾಯ. ಆದರೆ ಇನ್ವರ್ಟರ್‌ಗಳು ನಿಧಾನವಾಗಿ ಅಳತೆಗೋಲಿನ ಗೆರೆಗಳು ದೂರ ಸರಿಯುತ್ತವೆ. ಆದ್ದರಿಂದ ಅಳತೆಯನ್ನು ಹೊಸದಾಗಿ ಸರಿಹೊಂದಿಸಿಕೊಳ್ಳಬೇಕಾಗುತ್ತದೆ.

ತಡವೇ ಶತ್ರು

ಮೂರನೆಯದು ಲೆಕ್ಕ ಮಾಡುವ ಭಾಗದ ಗಡಿಯಾರವನ್ನು ನಿಧಾನಗೊಳಿಸುವುದು. ಸ್ಥಿರತೆಗೆ ನಿಜವಾದ ಅಪಾಯ ಇಲ್ಲಿದೆ. ಬಚ್ಚಲಿನ ನಲ್ಲಿ ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಬಿಸಿನೀರು ಬಂದರೆ ಸ್ನಾನಕ್ಕೆ ನಿಂತವರು ಇನ್ನಷ್ಟು ತಿರುಗಿಸಿ ಕೈ ಸುಟ್ಟುಕೊಳ್ಳುತ್ತಾರೆ, ಬಳಿಕ ಅತಿಯಾಗಿ ತಣ್ಣೀರು ಬಿಡುತ್ತಾರೆ. ತಡವಾಗಿ ಬಂದ ತಿದ್ದುಪಡಿ ತಪ್ಪನ್ನು ಹೆಚ್ಚಿಸುತ್ತದೆ. ಲೂಪ್‌ನಲ್ಲೂ ಹೀಗೆಯೇ.

ಗಡಿಯಾರವನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಒಂದು ಸುತ್ತಿನ ವಿಳಂಬ ಸುಮಾರು 385 ನ್ಯಾನೋಸೆಕೆಂಡ್. ವಿನ್ಯಾಸಕಾರರು ಸ್ಥಿರತೆಗಾಗಿ ಸಾಮಾನ್ಯವಾಗಿ 45ರಿಂದ 60 ಡಿಗ್ರಿಗಳಷ್ಟು ಪ್ರಾವಸ್ಥೆಯನ್ನು ಮೀಸಲಿಡುತ್ತಾರೆ. ತಿದ್ದುಪಡಿಯ ಚುರುಕನ್ನು ಸೂಚಿಸುವ ಬ್ಯಾಂಡ್‌ವಿಡ್ತ್ 40 ಕಿಲೋಹರ್ಟ್ಸ್ ಇದ್ದರೆ ಈ ವಿಳಂಬ ತಿನ್ನುವುದು 5.5 ಡಿಗ್ರಿ ಮಾತ್ರ. ಬ್ಯಾಂಡ್‌ವಿಡ್ತ್ 400 ಕಿಲೋಹರ್ಟ್ಸ್ ಇದ್ದರೆ ಅದೇ ವಿಳಂಬ 55 ಡಿಗ್ರಿಗಳನ್ನು ನುಂಗುತ್ತದೆ. ಮೀಸಲು ಹೆಚ್ಚುಕಡಿಮೆ ಬರಿದಾಗುತ್ತದೆ. ಹೀಗಾಗಿ ನಿಧಾನ ಗಡಿಯಾರವು ತಾನಾಗಿಯೇ ದೋಷವಲ್ಲ. ಚುರುಕಾದ ಲೂಪ್‌ಗೆ ನಿಧಾನ ಗಡಿಯಾರವನ್ನು ಜೋಡಿಸುವುದು ದೋಷ.

ಗೇರ್ ಬದಲಾವಣೆ

ಇದಕ್ಕೆ ಪರಿಹಾರವೆಂದರೆ ಕೆಲಸವನ್ನು ಎರಡು ಹಂತವಾಗಿ ವಿಭಜಿಸುವುದು. ಶ್ರುತಿ ಹಿಡಿಯುವ ತನಕ ಅಗಲ ಬ್ಯಾಂಡ್‌ವಿಡ್ತ್ ಮತ್ತು ಪೂರ್ಣ ವೇಗದ ಗಡಿಯಾರ. ಹಿಡಿದ ಮೇಲೆ ಕಿರಿದಾದ ಬ್ಯಾಂಡ್‌ವಿಡ್ತ್ ಮತ್ತು ನಿಧಾನ ಗಡಿಯಾರ. ಇಳಿಸುವಾಗ ಮೊದಲು ಬ್ಯಾಂಡ್‌ವಿಡ್ತ್, ಅನಂತರ ಗಡಿಯಾರ. ಏರಿಸುವಾಗ ಇದರ ವಿರುದ್ಧ ಕ್ರಮ. ಗೇರ್ ಬದಲಿಸುವ ಕ್ಷಣದಲ್ಲಿ ಹಳೆಯ ತಿದ್ದುಪಡಿಯ ಮೊತ್ತವನ್ನು ಹೊಸ ಗೇರಿಗೆ ಹಸ್ತಾಂತರಿಸದಿದ್ದರೆ ಕಂಪನಾಂಕ ಒಮ್ಮೆಲೇ ಜಿಗಿಯುತ್ತದೆ, ಪಟ್ಟ ಶ್ರಮ ವ್ಯರ್ಥವಾಗುತ್ತದೆ.

ಸಂದೇಶ ಕಳುಹಿಸಿದ ಬಳಿಕ ಲೂಪ್ ಅನ್ನು ಪೂರ್ತಿ ಆರಿಸುವುದು ಇನ್ನೂ ದೊಡ್ಡ ಉಳಿತಾಯ. ಪ್ರತಿ ಚಾನೆಲ್‌ಗೆ ಹೊಂದಿಕೊಂಡ ಸಂಖ್ಯೆಯನ್ನು ನೆನಪಿನಲ್ಲಿಟ್ಟರೆ ಮರಳಿ ಎಚ್ಚರಗೊಂಡಾಗ ಶ್ರುತಿಯ ಸಮೀಪದಿಂದಲೇ ಆರಂಭಿಸಬಹುದು. ಎಚ್ಚರದ ವೇಳೆ ಕಡಿಮೆಯಾದಷ್ಟೂ ಬ್ಯಾಟರಿ ಉಳಿಯುತ್ತದೆ.

ಕೈ ಬಿಗಿ ಹಿಡಿಯಬಾರದ ಜಾಗವೂ ಒಂದಿದೆ, ಅದು ಆಂದೋಲಕ. ಅದರ ವಿದ್ಯುತ್ತನ್ನು ಅರ್ಧಕ್ಕಿಳಿಸಿದರೆ ಪ್ರಾವಸ್ಥೆಯ ಗದ್ದಲ ಸರಿಸುಮಾರು ಇಮ್ಮಡಿಯಾಗುತ್ತದೆ. ಬ್ಯಾಂಡ್‌ವಿಡ್ತ್ ಕಿರಿದಾಗಿಸಿದಷ್ಟೂ ಆ ಗದ್ದಲವನ್ನು ತಿದ್ದುವ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಲೂಪ್‌ನ ಇತರೆಡೆ ಉಳಿಸಿದ್ದರಲ್ಲಿ ಒಂದು ಪಾಲನ್ನು ಆಂದೋಲಕಕ್ಕೆ ಬಿಟ್ಟುಕೊಡುವುದೇ ಜಾಣತನ. ತೋಳಿನ ಸಂವೇದಕದ ಬ್ಯಾಟರಿ ಎಷ್ಟು ದಿನ ಬಂದರೂ, ಸಕ್ಕರೆ ಪ್ರಮಾಣ ಕುಸಿದ ರಾತ್ರಿ ಅದರ ಎಚ್ಚರಿಕೆ ಮೊಬೈಲನ್ನು ತಲುಪದಿದ್ದರೆ ಆ ಉಳಿತಾಯಕ್ಕೆ ಅರ್ಥವಿರದು.