ಲೆಕ್ಕ ಕೇಳಿದ ಮೇಷ್ಟ್ರುಗಳು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು 2009ರ ಸೆಪ್ಟೆಂಬರ್ 24ರಂದು ಪಾಠ ನಿಲ್ಲಿಸಿ ಹೊರಬಂದರು. ಹತ್ತು ಕ್ಯಾಂಪಸ್‌ಗಳ ಈ ಸರ್ಕಾರಿ ವಿ.ವಿ.ಯ ಬಹುಪಾಲು ಕಡೆ ಅದು ಹೊಸ ಶೈಕ್ಷಣಿಕ ವರ್ಷದ ಮೊದಲ ಪಾಠದ ದಿನ. ಬಹಿಷ್ಕಾರದ ಕರೆಗೆ ಸಾವಿರಕ್ಕೂ ಹೆಚ್ಚು ಅಧ್ಯಾಪಕರು ಸಹಿ ಹಾಕಿದ್ದರು. ತಾಂತ್ರಿಕ ಸಿಬ್ಬಂದಿಯ ಸಂಘ ಅದೇ ದಿನ ಮುಷ್ಕರ ಹೂಡಿತು, ವಿದ್ಯಾರ್ಥಿಗಳೂ ಜೊತೆಗೂಡಿದರು. 1964ರ ವಾಕ್ ಸ್ವಾತಂತ್ರ್ಯ ಚಳವಳಿ ನಡೆದ ಬರ್ಕ್ಲಿಯ ಸ್ಪ್ರೌಲ್ ಪ್ಲಾಜಾದಲ್ಲಿ ಸಾವಿರಾರು ಜನ ಸೇರಿದರು. ರಾಜ್ಯ ಸರ್ಕಾರ ಅನುದಾನ ಕತ್ತರಿಸಿದ್ದು, ವಿ.ವಿ. ಸಂಬಳ ಕತ್ತರಿಸಿದ್ದು ಇದಕ್ಕೆಲ್ಲ ಕಾರಣ ಎಂಬುದು ನಿಜ. ಆದರೆ ಕಿಡಿ ಹೊತ್ತಿಸಿದ್ದು ಅದಕ್ಕಿಂತ ಚಿಕ್ಕ ಸಂಗತಿ: ಸಂಬಳವಿಲ್ಲದ ರಜೆಯನ್ನು ಯಾವ ದಿನ ಹಾಕಬೇಕು ಎಂಬ ತಕರಾರು.

ಮೂಲ ಹುಡುಕಿದರೆ 1960ಕ್ಕೆ ಹೋಗಬೇಕು. ಆ ವರ್ಷ ಗವರ್ನರ್ ಪ್ಯಾಟ್ ಬ್ರೌನ್ ಸಹಿ ಹಾಕಿದ ಕಾಯ್ದೆ, ವಿ.ವಿ. ಅಧ್ಯಕ್ಷ ಕ್ಲಾರ್ಕ್ ಕೆರ್ ಮುಂದೆ ನಿಂತು ರೂಪಿಸಿದ ‘ಮಾಸ್ಟರ್ ಪ್ಲಾನ್’ಗೆ ಜೀವ ಕೊಟ್ಟಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ವಿ.ವಿ., ಮೇಲಿನ ಮೂರನೇ ಒಂದು ಭಾಗಕ್ಕೆ ಈಗ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಎನಿಸಿಕೊಂಡಿರುವ ಕಾಲೇಜುಗಳು, ಉಳಿದವರಿಗೆಲ್ಲ ಎರಡು ವರ್ಷದ ಸಮುದಾಯ ಕಾಲೇಜುಗಳು. ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕ ಇಲ್ಲ. ತೆರಿಗೆ ಕಟ್ಟುವವರು ಮುಂದಿನ ತಲೆಮಾರನ್ನು ಓದಿಸುತ್ತಾರೆ ಎಂಬ ಮಾತಿನ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು.

ಆ ಮಾತಿಗೆ ಪೆಟ್ಟು ಬಿದ್ದದ್ದು 1978ರ ಜೂನ್‌ನಲ್ಲಿ. ಮತದಾರರು ಒಪ್ಪಿದ ‘ಪ್ರೊಪೊಸಿಷನ್ 13’ ಆಸ್ತಿ ತೆರಿಗೆಯನ್ನು ಆಸ್ತಿ ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿತು. ಆಸ್ತಿ ಕೈಬದಲಾಗುವವರೆಗೆ ಆ ಮೌಲ್ಯವನ್ನೂ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ರಾಜ್ಯದ ಯಾವುದೇ ತೆರಿಗೆ ಹೆಚ್ಚಿಸಲು ಶಾಸನಸಭೆಯ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕಾಯಿತು. ಸ್ಥಳೀಯ ಶಾಲೆಗಳ ಹೊರೆ ರಾಜ್ಯದ ಖಜಾನೆಗೆ ಬಿತ್ತು. 1988ರಲ್ಲಿ ಮತ್ತೊಂದು ಮತದಾನದಿಂದ ಶಾಲೆಗಳಿಗೂ ಸಮುದಾಯ ಕಾಲೇಜುಗಳಿಗೂ ಕನಿಷ್ಠ ಅನುದಾನದ ಖಾತ್ರಿ ಸಿಕ್ಕಿತು. 1994ರ ಕಠಿಣ ಶಿಕ್ಷೆಯ ಕಾನೂನು ಜೈಲುಗಳನ್ನು ತುಂಬಿಸಿತು, ಅವುಗಳ ಖರ್ಚೂ ಏರಿತು. ಯಾವ ಖಾತ್ರಿಯೂ ಇಲ್ಲದೆ ಉಳಿದವು ಎರಡು ವಿ.ವಿ.ಗಳು. ಖಜಾನೆ ಬರಿದಾದಾಗಲೆಲ್ಲ ಕತ್ತರಿ ಅಲ್ಲಿಗೇ ಬಂತು. ಕೊರತೆ ತುಂಬಲು ಅವುಗಳ ಕೈಯಲ್ಲಿ ವಿದ್ಯಾರ್ಥಿ ಶುಲ್ಕವಂತೂ ಇತ್ತಲ್ಲ!

ಈ ಜಾಡನ್ನು ಅಧ್ಯಾಪಕರು ಬಿಕ್ಕಟ್ಟಿಗೆ ಮೊದಲೇ ಗುರುತಿಸಿದ್ದರು. 2004ರಲ್ಲಿ ಗವರ್ನರ್ ಅರ್ನಾಲ್ಡ್ ಶ್ವಾರ್ಜನೆಗರ್ ಎರಡೂ ವಿ.ವಿ.ಗಳ ಮುಖ್ಯಸ್ಥರೊಂದಿಗೆ ಒಪ್ಪಂದ ಮಾಡಿಕೊಂಡರು. ಸರ್ಕಾರ ಮಿತವಾಗಿ ಅನುದಾನ ಏರಿಸುವುದು, ವಿ.ವಿ.ಗಳು ಶುಲ್ಕ ಏರಿಸುವುದು ಅದರ ಸಾರ. ಎರಡು ವರ್ಷದ ಬಳಿಕ ಕ್ಯಾಲಿಫೋರ್ನಿಯಾ ವಿ.ವಿ.ಯ ಅಧ್ಯಾಪಕರ ಸಭೆಯಾದ ಅಕಾಡೆಮಿಕ್ ಸೆನೆಟ್‌ನ ಬಜೆಟ್ ಸಮಿತಿ ಅಂಕಿಗಳನ್ನು ಜೋಡಿಸಿ, ಇದೇ ದಾರಿಯಲ್ಲಿ ಹೋದರೆ ಹಳೆಯ ಮಟ್ಟಕ್ಕೆ ಮರಳುವುದು ಸಾಧ್ಯವಿಲ್ಲ ಎಂದು ವರದಿ ಕೊಟ್ಟಿತು. ಅದನ್ನು ಬರೆದವರಲ್ಲಿ ಸಾಂಟಾ ಬಾರ್ಬರಾದ ಇಂಗ್ಲಿಷ್ ಪ್ರಾಧ್ಯಾಪಕ ಕ್ರಿಸ್ಟೊಫರ್ ನ್ಯೂಫೀಲ್ಡ್ ಒಬ್ಬರು. ಸಾಹಿತ್ಯದ ಮೇಷ್ಟ್ರೊಬ್ಬರು ಬಜೆಟ್ ಕಡತ ಬಿಡಿಸಿ ಕೂತದ್ದು ವಿಚಿತ್ರ ಎನಿಸಬಹುದು. ಮುಂದೆ ಇಡೀ ಹೋರಾಟಕ್ಕೆ ಬಂದ ಗುಣವೇ ಅದು.

2008ರ ಆರ್ಥಿಕ ಕುಸಿತದಲ್ಲಿ ರಾಜ್ಯದ ಆದಾಯ ಇಳಿದುಹೋಯಿತು. 2009ರ ಜುಲೈನಲ್ಲಿ ಬಿಲ್ಲುಗಳಿಗೆ ಹಣವಿಲ್ಲದೆ ಸರ್ಕಾರ ‘ಆಮೇಲೆ ಕೊಡುತ್ತೇವೆ’ ಎಂಬ ಚೀಟಿಗಳನ್ನು ಹಂಚುವ ಸ್ಥಿತಿ ಬಂತು. ಕ್ಯಾಲಿಫೋರ್ನಿಯಾ ವಿ.ವಿ.ಯ ಪಾಲಿಗೆ ಬಂದ ಕೊರತೆ ಸುಮಾರು 81 ಕೋಟಿ ಡಾಲರ್. ಅದೇ ತಿಂಗಳು ಆಡಳಿತ ಮಂಡಳಿಯಾದ ರೀಜೆಂಟ್ಸ್, ಅಧ್ಯಕ್ಷ ಮಾರ್ಕ್ ಯುಡಾಫ್ ಅವರ ‘ಫರ್ಲೋ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಬಳ ಶೇ 4ರಿಂದ 10ರವರೆಗೆ ಕಡಿತ, ಬದಲಿಗೆ ವರ್ಷಕ್ಕೆ 11ರಿಂದ 26 ದಿನ ಕಡ್ಡಾಯ ರಜೆ. ಹೆಚ್ಚು ಸಂಬಳದವರಿಗೆ ಹೆಚ್ಚು ಕಡಿತ.

ಮೊದಲ ಪ್ರತಿಕ್ರಿಯೆಯಲ್ಲಿ ಒಗ್ಗಟ್ಟೇನೂ ಇರಲಿಲ್ಲ. ಸ್ಯಾನ್ ಡಿಯಾಗೊದ 23 ವಿಭಾಗ ಮುಖ್ಯಸ್ಥರು ಸಹಿ ಮಾಡಿದ ಪತ್ರವೊಂದು, ಎಲ್ಲರನ್ನೂ ಸಮನಾಗಿ ಬಡವಾಗಿಸುವ ಬದಲು ಸಾಂಟಾ ಕ್ರೂಜ್, ರಿವರ್‌ಸೈಡ್, ಮರ್ಸೆಡ್ ಕ್ಯಾಂಪಸ್‌ಗಳನ್ನು ಮುಚ್ಚುವ ಸಲಹೆ ಕೊಟ್ಟಿತು. ತಾವಿರುವ ಮನೆ ಉಳಿಸಿಕೊಳ್ಳಲು ಪಕ್ಕದ ಮನೆ ಕೆಡವಿ ಎಂದಂತಿದ್ದ ಈ ಮಾತಿಗೆ ಆ ಕ್ಯಾಂಪಸ್‌ಗಳವರು ಸಿಟ್ಟಾದದ್ದು ಸಹಜ. ಅತ್ತ 23 ಕ್ಯಾಂಪಸ್‌ಗಳ ಸ್ಟೇಟ್ ಯೂನಿವರ್ಸಿಟಿಯ ಅಧ್ಯಾಪಕರಿಗೆ ಮಾನ್ಯತೆ ಪಡೆದ ಸಂಘವಿತ್ತು. ಅವರು ಮತ ಹಾಕಿ, ಅಲ್ಪ ಬಹುಮತದಿಂದ ತಿಂಗಳಿಗೆ ಎರಡು ದಿನದ ಫರ್ಲೋ ಒಪ್ಪಿದರು. ಪಾಠದ ದಿನಗಳಲ್ಲೇ ರಜೆ ಹಾಕಿ, ಇಂಥ ದಿನ ತರಗತಿ ಇಲ್ಲ ಎಂದು ಪಠ್ಯಯೋಜನೆಯಲ್ಲೇ ಬರೆದುಕೊಟ್ಟರು.

ಕ್ಯಾಲಿಫೋರ್ನಿಯಾ ವಿ.ವಿ.ಯ ಕಾಯಂ ಪ್ರಾಧ್ಯಾಪಕರಲ್ಲಿ ಹೆಚ್ಚಿನವರಿಗೆ ಅಂಥ ಸಂಘ ಇರಲಿಲ್ಲ. ಅವರಿಗಿದ್ದದ್ದು 1919–20ರ ಬಂಡಾಯದಿಂದ ಆಡಳಿತದಲ್ಲಿ ಪಾಲು ಗಿಟ್ಟಿಸಿಕೊಂಡಿದ್ದ ಸೆನೆಟ್. ರಜೆಯ ಕೆಲವು ದಿನಗಳಾದರೂ ಪಾಠದ ದಿನಗಳಲ್ಲೇ ಬರಲಿ ಎಂಬುದು ಸೆನೆಟ್ ಮುಖಂಡರ ಶಿಫಾರಸು. ಪಾಠವಿಲ್ಲದ ದಿನ ರಜೆ ಹಾಕಿದರೆ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ; ಪ್ರಾಧ್ಯಾಪಕರು ಮೊದಲಿನಷ್ಟೇ ಕೆಲಸ ಮಾಡಿ ಕಡಿಮೆ ಸಂಬಳ ಪಡೆಯುತ್ತಾರೆ, ಕಡಿತದಿಂದ ಏನೂ ಕೆಡಲಿಲ್ಲ ಎಂದು ಶಾಸಕರು ನಿರಾಳರಾಗುತ್ತಾರೆ ಎಂಬುದು ಅದರ ಹಿಂದಿದ್ದ ತರ್ಕ. ಆಗಸ್ಟ್‌ನಲ್ಲಿ ಕೇಂದ್ರ ಕಚೇರಿ ಇದನ್ನು ತಳ್ಳಿಹಾಕಿತು. ಶುಲ್ಕ ಏರುತ್ತಿರುವಾಗ ವಿದ್ಯಾರ್ಥಿಗಳ ಪಾಠ ತಪ್ಪಿಸುವಂತಿಲ್ಲ ಎಂಬ ಅದರ ಸಮರ್ಥನೆಯಲ್ಲೂ ಹುರುಳಿತ್ತು. ಆದರೆ ಬೇಸಿಗೆ ರಜೆಯಲ್ಲಿ, ಸೆನೆಟ್ ಮಾತನ್ನು ಬದಿಗೊತ್ತಿ ತೆಗೆದುಕೊಂಡ ತೀರ್ಮಾನ ಎಂಬುದೇ ಅಧ್ಯಾಪಕರನ್ನು ಕೆರಳಿಸಿತು. ಕೆಲವೇ ದಿನಗಳಲ್ಲಿ ಬಹಿಷ್ಕಾರದ ಪತ್ರ ಸಿದ್ಧವಾಯಿತು. ಬೇಡಿಕೆ ಮೂರು: 40,000 ಡಾಲರ್‌ಗಿಂತ ಕಡಿಮೆ ಸಂಬಳದವರಿಗೆ ಕಡಿತ ಬೇಡ, ರಜೆಯ ವಿಷಯದಲ್ಲಿ ಸೆನೆಟ್ ಶಿಫಾರಸು ಜಾರಿಯಾಗಲಿ, ಬಜೆಟ್‌ನ ಪೂರ್ತಿ ಲೆಕ್ಕ ಬಯಲಿಗೆ ಬರಲಿ. ಬಹಿಷ್ಕಾರದ ವಾರವೇ ಪ್ರಕಟವಾದ ಸಂದರ್ಶನವೊಂದರಲ್ಲಿ ಯುಡಾಫ್, ತಮ್ಮ ಹುದ್ದೆಯನ್ನು ಸ್ಮಶಾನದ ಮೇಲ್ವಿಚಾರಣೆಗೆ ಹೋಲಿಸಿದರು: ಕೈಕೆಳಗೆ ಬೇಕಾದಷ್ಟು ಜನ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ತಮಾಷೆಗೆಂದು ಆಡಿದ ಮಾತು ಉರಿಗೆ ತುಪ್ಪವಾಯಿತು.

ಮೂರನೇ ಬೇಡಿಕೆಯೇ ಬಹುಕಾಲ ಬಾಳಿತು. ಬಹಿಷ್ಕಾರದ ಹಿಂದಿನ ದಿನ ಬರ್ಕ್ಲಿಯಲ್ಲಿ ನಡೆದ ಸಾರ್ವಜನಿಕ ಪಾಠದಲ್ಲಿ ರಾಜಕೀಯ ಚಿಂತಕಿ ವೆಂಡಿ ಬ್ರೌನ್ ಮೊದಲಾದವರು ಸರ್ಕಾರಿ ವಿ.ವಿ. ಖಾಸಗಿಯಾಗುವುದರ ಅರ್ಥವೇನು ಎಂದು ವಿವರಿಸಿದರು. ಅಕ್ಟೋಬರ್‌ನಲ್ಲಿ ಸಾಂಟಾ ಕ್ರೂಜ್‌ನ ಪ್ರಾಧ್ಯಾಪಕ ರಾಬರ್ಟ್ ಮೀಸ್ಟರ್ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ ಬರೆದರು. ಕಟ್ಟಡ ಕಟ್ಟಲು ಎತ್ತುವ ಬಾಂಡ್ ಸಾಲಕ್ಕೆ ವಿ.ವಿ. ಶುಲ್ಕದ ಆದಾಯವನ್ನು ಆಧಾರವಾಗಿ ತೋರಿಸುತ್ತಿದೆ, ಸರ್ಕಾರದ ಅನುದಾನವನ್ನು ಹಾಗೆ ಒತ್ತೆಯಿಡಲು ಬರುವುದಿಲ್ಲ, ಆದ್ದರಿಂದ ಶುಲ್ಕ ಏರಿದಷ್ಟೂ ಆಡಳಿತಕ್ಕೆ ಅನುಕೂಲ ಎಂಬುದು ಅವರ ವಾದ. ಶುಲ್ಕದ ಹಣ ಕಟ್ಟಡಕ್ಕೆ ಹೋಗುತ್ತಿಲ್ಲ ಎಂದು ವಿ.ವಿ. ಅಲ್ಲಗಳೆಯಿತು. ಅದೇನೇ ಇರಲಿ, ಬಾಂಡ್ ದಾಖಲೆ ಓದುವ ಅಭ್ಯಾಸ ಕ್ಯಾಂಪಸ್‌ಗೆ ಬಂತು.

ನವೆಂಬರ್ 19ರಂದು ಲಾಸ್ ಏಂಜಲಿಸ್ ಕ್ಯಾಂಪಸ್‌ನಲ್ಲಿ ಸೇರಿದ ರೀಜೆಂಟ್ಸ್ ಶುಲ್ಕವನ್ನು ಶೇ 32ರಷ್ಟು ಏರಿಸಿತು. ವರ್ಷದ ಶುಲ್ಕ ಮೊದಲ ಬಾರಿಗೆ 10,000 ಡಾಲರ್ ದಾಟಿತು. ಮರುದಿನ ಬರ್ಕ್ಲಿಯ ವೀಲರ್ ಹಾಲ್‌ನ ಒಳಗೆ ವಿದ್ಯಾರ್ಥಿಗಳು ಬಾಗಿಲು ಹಾಕಿಕೊಂಡು ಕೂತರು. ಪೊಲೀಸರಿಗೂ ಅವರಿಗೂ ನಡುವೆ ಸಂಧಾನಕ್ಕೆ ನಿಂತ ಅಧ್ಯಾಪಕರಲ್ಲಿ ಕೋಲ್ಕತ್ತ ಮೂಲದ ಅನನ್ಯಾ ರಾಯ್ ಇದ್ದರು.

2010ರ ಜನವರಿಯಲ್ಲಿ ಶ್ವಾರ್ಜನೆಗರ್ ವಿ.ವಿ.ಗಳಿಗೆ ಬಜೆಟ್‌ನ ಶೇ 10ಕ್ಕಿಂತ ಕಡಿಮೆ, ಜೈಲುಗಳಿಗೆ ಶೇ 7ಕ್ಕಿಂತ ಹೆಚ್ಚು ಹೋಗದಂತೆ ಸಂವಿಧಾನ ತಿದ್ದೋಣ ಎಂದರು. ಆಗ ಜೈಲುಗಳಿಗೆ ಸುಮಾರು ಶೇ 11, ವಿ.ವಿ.ಗಳಿಗೆ ಶೇ 7.5 ಹೋಗುತ್ತಿತ್ತು. ಪ್ರತಿಭಟನೆಗಳೇ ಇದಕ್ಕೆ ಪ್ರೇರಣೆ ಎಂದು ಅವರ ಕಚೇರಿ ಒಪ್ಪಿಕೊಂಡಿತು. ತಿದ್ದುಪಡಿ ಜಾರಿಯಾಗಲೇ ಇಲ್ಲ. ಬರ್ಕ್ಲಿಯ ಭಾಷಾಶಾಸ್ತ್ರಜ್ಞ ಜಾರ್ಜ್ ಲೇಕಾಫ್ ಬಜೆಟ್ಟೂ ತೆರಿಗೆಯೂ ಸರಳ ಬಹುಮತದಿಂದ ತೀರ್ಮಾನವಾಗಲಿ ಎಂಬ ಒಂದೇ ವಾಕ್ಯದ ಮಸೂದೆಯನ್ನು ಮತದಾನಕ್ಕೆ ತರಲು ಹೊರಟರು, ಬೇಕಾದಷ್ಟು ಸಹಿ ಸಿಗಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಮತದಾರರು ಬಜೆಟ್‌ಗೆ ಮಾತ್ರ ಸರಳ ಬಹುಮತ ಸಾಕು ಎಂದರು. ತೆರಿಗೆ ಏರಿಕೆಗೆ ಹಳೆಯ ನಿಯಮವೇ ಉಳಿಯಿತು.

ಫರ್ಲೋ ಒಂದು ವರ್ಷಕ್ಕೆ ಮುಗಿಯಿತು, ಕಡಿತ ಮುಗಿಯಲಿಲ್ಲ. 2011–12ರಲ್ಲಿ ವಿ.ವಿ.ಗೆ ಶುಲ್ಕದಿಂದ ಬಂದ ಹಣ ಮೊದಲ ಬಾರಿಗೆ ಸರ್ಕಾರದ ಅನುದಾನವನ್ನು ಮೀರಿಸಿತು. 2012ರ ನವೆಂಬರ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್, ಅಂದರೆ ಪ್ಯಾಟ್ ಬ್ರೌನ್ ಮಗ, ಮುಂದಿಟ್ಟ ತಾತ್ಕಾಲಿಕ ತೆರಿಗೆಯನ್ನು ಮತದಾರರು ಒಪ್ಪಿದ ಮೇಲೆ ಶುಲ್ಕ ಕೆಲವು ವರ್ಷ 12,192 ಡಾಲರ್‌ನಲ್ಲೇ ನಿಂತಿತು. ಲೆಕ್ಕ ಹಾಕುವ ಕೆಲಸವನ್ನು ಅಧ್ಯಾಪಕರು ಬಿಟ್ಟಿರಲಿಲ್ಲ. ತಂಬಾಕು ಸಂಶೋಧನೆಗೆ ಹೆಸರಾದ ಸ್ಟ್ಯಾಂಟನ್ ಗ್ಲಾಂಟ್ಜ್ ಸೇರಿದಂತೆ ಕೆಲವರು 2017ರ ಆರಂಭದಲ್ಲಿ ವರದಿಯೊಂದನ್ನು ಹೊರತಂದರು. ಶುಲ್ಕ ರದ್ದು ಮಾಡಿ 1960ರ ಮಾತನ್ನು ಮತ್ತೆ ನಡೆಸಿಕೊಡಲು ಮಧ್ಯಮ ಆದಾಯದ ಕುಟುಂಬಕ್ಕೆ ಬೀಳುವ ಹೆಚ್ಚುವರಿ ತೆರಿಗೆ ವರ್ಷಕ್ಕೆ 48 ಡಾಲರ್ ಎಂದು ಅದು ಲೆಕ್ಕ ಕೊಟ್ಟಿತು. ಅದೇ ವರ್ಷದ ಜನವರಿಯಲ್ಲಿ ರೀಜೆಂಟ್ಸ್ ಬೋಧನಾ ಶುಲ್ಕವನ್ನು ಶೇ 2.5ರಷ್ಟು ಏರಿಸಿತು.