ಕಣ್ಣು ಬಿಡುವ ಮುಂಚಿನ ತಾಲೀಮು

ನಮ್ಮಕ್ಕನ ಮಗಳಿಗೆ ಎಳವೆಯಿಂದಲೂ ಎಡಗಣ್ಣು ಮೆಳ್ಳೆ. “ಮೆಳ್ಳೆಗಣ್ಣು ಅದೃಷ್ಟ ಕಣೇ, ಬಿಡು” ಅಂತ ಹಿರಿಯರು ಹೇಳಿದಾಗ ನಾನೂ ತಲೆಯಾಡಿಸಿದವಳೇ. ಒಂಬತ್ತನೇ ವರ್ಷಕ್ಕೆ ಡಾಕ್ಟರಿಗೆ ತೋರಿಸಿದರೆ, “ಕಣ್ಣು ಚೆನ್ನಾಗೇ ಇದೆ. ಮೆದುಳು ಅದನ್ನು ಬಳಸುವುದು ಬಿಟ್ಟಿದೆ. ಮುಂಚೆ ಬರಬೇಕಿತ್ತಮ್ಮಾ” ಎಂದರು. ಅಕ್ಕ ಅಲ್ಲೇ ಅತ್ತುಬಿಟ್ಟಳು. ಕಣ್ಣು ನೆಟ್ಟಗಿದ್ದೂ ಕಾಣದು ಅಂದರೇನು? ಇದನ್ನು ತಿಳಿಯಲು ಹೊರಟಾಗ ನನಗೆ ಪರಿಚಯವಾದವರು ಅಮೆರಿಕದ ವಿಜ್ಞಾನಿ ಕಾರ್ಲಾ ಶಾಟ್ಸ್.

೧೯೪೭ರಲ್ಲಿ ಹುಟ್ಟಿದ ಈಕೆಯ ತಾಯಿ ಚಿತ್ರಕಲಾವಿದೆ, ತಂದೆ ವಿಮಾನದ ಇಂಜಿನಿಯರು. ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಆ ದಿನಗಳಲ್ಲೇ ಅಜ್ಜಿಗೆ ಲಕ್ವ ಹೊಡೆದದ್ದು ಇವರ ಮನಸ್ಸನ್ನು ಮೆದುಳಿನತ್ತ ತಿರುಗಿಸಿತು. ಹಾರ್ವರ್ಡಿನಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಇವರ ಗುರುಗಳು. ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟರೆ ಮೆದುಳು ಆ ಕಣ್ಣನ್ನೇ ಕೈಬಿಡುತ್ತದೆ, ಬೆಳೆದ ಬೆಕ್ಕಿಗೆ ಹಾಗಾಗುವುದಿಲ್ಲ ಎಂದು ತೋರಿಸಿ, ೧೯೮೧ರಲ್ಲಿ ನೊಬೆಲ್ ಪಡೆದವರು ಅವರು. ೧೯೭೬ರಲ್ಲಿ ಹಾರ್ವರ್ಡಿನಿಂದ ನರವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಹೆಂಗಸು ಶಾಟ್ಸ್.

ಇವರನ್ನು ಕಾಡಿದ್ದು ಇನ್ನೂ ಹಿಂದಿನ ಪ್ರಶ್ನೆ. ಗರ್ಭದ ಕತ್ತಲಲ್ಲಿ, ನೋಟವೇ ಇಲ್ಲದಾಗ, ಎರಡು ಕಣ್ಣುಗಳ ಲಕ್ಷಾಂತರ ನರತಂತುಗಳು ಮೆದುಳಿನಲ್ಲಿ ತಮ್ಮ ತಮ್ಮ ಜಾಗ ಹೇಗೆ ಹಿಡಿಯುತ್ತವೆ? ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿಯ ಮರಿಗಳು ಹುಟ್ಟಿ ಸುಮಾರು ತಿಂಗಳಾದ ಮೇಲೆಯೇ ಕಣ್ಣು ಬಿಡುತ್ತವೆ. ಅವುಗಳ ಅಕ್ಷಿಪಟವನ್ನು, ಅಂದರೆ ಕಣ್ಣಿನ ಹಿಂಬದಿಯ ತೆಳುಪದರವನ್ನು, ಸ್ಟ್ಯಾನ್‌ಫರ್ಡಿನಲ್ಲಿ ಇವರೂ ಜೊತೆಯವರೂ ಪರೀಕ್ಷಿಸಿದರು. ೧೯೯೧ರಲ್ಲಿ ಪ್ರಕಟಿಸಿದ್ದೇನು ಗೊತ್ತೇ? ಬೆಳಕೇ ಇಲ್ಲದಿದ್ದರೂ ಅಕ್ಕಪಕ್ಕದ ಜೀವಕೋಶಗಳು ಒಟ್ಟೊಟ್ಟಿಗೆ ಮಿಡಿಯುತ್ತವೆ. ಆ ಮಿಡಿತ ಕೆರೆಯ ಅಲೆಯಂತೆ ಹರಡುತ್ತದೆ! ಹರಿಕಥೆಗೆ ಮುಂಚೆ ಮೈಕಿನವನು “ಹಲೋ, ಹಲೋ” ಅಂತ ತಂತಿ ಪರೀಕ್ಷಿಸುತ್ತಾನಲ್ಲ, ಹಾಗೆ. ಎರಡು ಕಣ್ಣಿನ ಅಲೆಗಳು ಒಂದೇ ಗಳಿಗೆಯಲ್ಲಿ ಏಳುವುದಿಲ್ಲವಾದ್ದರಿಂದ ಯಾವ ತಂತು ಯಾವ ಕಣ್ಣಿನದೆಂದು ಮೆದುಳಿನಲ್ಲಿ ಬೇರೆ ಬೇರೆಯಾಗುತ್ತದೆ. ಹುಟ್ಟಿದ ಮೇಲೆ ಈ ಕೆಲಸವನ್ನು ನೋಟವೇ ಮುಂದುವರಿಸುತ್ತದೆ. ಮೆಳ್ಳೆಗಣ್ಣಿನ ಚಿತ್ರ ಇನ್ನೊಂದರ ಜೊತೆ ತಾಳೆಯಾಗದೆ ಹೋದರೆ ಮೆದುಳು ಅದನ್ನು ಬದಿಗಿಡುತ್ತದೆ.

೨೦೦೦ದಲ್ಲಿ ಹಾರ್ವರ್ಡಿನ ಆ ವಿಭಾಗಕ್ಕೇ ಮೊದಲ ಮಹಿಳಾ ಮುಖ್ಯಸ್ಥೆಯಾದರು. ೨೦೧೬ರಲ್ಲಿ ಇನ್ನಿಬ್ಬರ ಜೊತೆ ಕಾವ್ಲಿ ಪ್ರಶಸ್ತಿ ಬಂತು.

ತಾಯಂದಿರೇ, ಕೂಸಿನ ಕಣ್ಣಪಾಪೆ ಬೆಳ್ಳಗೆ ಕಂಡರೆ ಒಂದು ದಿನವೂ ತಡಮಾಡಬೇಡಿ. ಆರು ತಿಂಗಳಾದರೂ ಮೆಳ್ಳೆ ಹೋಗದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ನಮ್ಮ ಹುಡುಗಿ ಈಗ ದಿನಕ್ಕೆರಡು ಗಂಟೆ ಬಲಗಣ್ಣಿಗೆ ಪಟ್ಟಿ ಹಾಕಿಕೊಂಡು ಮಣಿ ಪೋಣಿಸುತ್ತಾಳೆ. ಸ್ವಲ್ಪ ಗುಣ ಕಂಡಿದೆ, ಪೂರ್ತಿ ಅಲ್ಲ. ಅವಳ ತಮ್ಮನನ್ನು ಮಾತ್ರ ಅಕ್ಕ ವರ್ಷ ತುಂಬುವ ಮೊದಲೇ ತೋರಿಸಿಕೊಂಡು ಬಂದಳು.